ಮಾನಸಿಕ ಕಾಯಿಲೆಗಳ ವ್ಯಾಖ್ಯೆ ಮತ್ತು ರೋಗನಿರ್ಣಯ

ಯಾವ ಮನಃಸ್ಥಿತಿಯನ್ನು ಕಾಯಿಲೆ ಎನ್ನಬೇಕು, ಯಾವುದನ್ನು ಬದುಕಿನ ಸಹಜ ಏರಿಳಿತವೆಂದು ಬಿಡಬೇಕು ಎಂಬುದನ್ನು ವೈದ್ಯಲೋಕ ಇಂದು ಮುಖ್ಯವಾಗಿ ಎರಡು ಗ್ರಂಥಗಳ ಆಧಾರದಿಂದ ತೀರ್ಮಾನಿಸುತ್ತದೆ. ಒಂದು, ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ರೋಗ ವರ್ಗೀಕರಣ. ವೈದ್ಯರ ಬಾಯಲ್ಲಿ ಇದು ಐಸಿಡಿ. ಇನ್ನೊಂದು, ಅಮೆರಿಕನ್ ಸೈಕಿಯಾಟ್ರಿಕ್ ಅಸೋಸಿಯೇಷನ್ ಹೊರತರುವ ಡಿಎಸ್‌ಎಂ ಎಂಬ ಕೈಪಿಡಿ. ಭಾರತದ ಕಾನೂನು ಹೆಸರಿಸಿ ಮನ್ನಣೆ ಕೊಟ್ಟಿರುವುದು ಮೊದಲನೆಯದಕ್ಕೆ. ಎರಡರಲ್ಲೂ ಬಹುಪಾಲು ಕಾಯಿಲೆಗಳ ಹೆಸರು ನಿಂತಿರುವುದು ರೋಗಿಯ ಮಾತು, ನಡೆ, ಅನುಭವಗಳ ವಿವರಣೆಯ ಮೇಲೆ. ದೇಹದೊಳಗೆ ಕಂಡುಹಿಡಿದ ವಸ್ತುವೊಂದಕ್ಕೆ ಇಟ್ಟ ಹೆಸರುಗಳಲ್ಲ ಇವು. ಲಕ್ಷಣಗಳ ಗುಂಪೊಂದನ್ನು ಹೀಗೆ ಗುರುತಿಸೋಣ ಎಂದು ತಜ್ಞರು ಕೂಡಿ ಮಾಡಿಕೊಂಡ ಒಪ್ಪಂದಗಳು. ಹಾಗೆಂದು ನೋವು ಸುಳ್ಳಲ್ಲ. ಒಪ್ಪಂದ ಇರುವುದು ಗಡಿ ಎಲ್ಲಿ ಎಂಬುದರ ಬಗ್ಗೆ ಮಾತ್ರ, ಮತ್ತು ಆ ಗಡಿ ಕಾಲಕಾಲಕ್ಕೆ ಸರಿಯುತ್ತ ಬಂದಿದೆ.

ಸಕ್ಕರೆ ಕಾಯಿಲೆಯನ್ನು ರಕ್ತಪರೀಕ್ಷೆ ಹೇಳುತ್ತದೆ, ಕ್ಷಯವನ್ನು ಕಫದ ಪರೀಕ್ಷೆ ಹೇಳುತ್ತದೆ. ಖಿನ್ನತೆಗೆ, ಸ್ಕಿಜೋಫ್ರೇನಿಯಾಕ್ಕೆ, ಗೀಳು ರೋಗಕ್ಕೆ ಅಂಥ ಪರೀಕ್ಷೆ ಈವರೆಗೆ ಇಲ್ಲ. ಇದಕ್ಕೆ ಇತಿಹಾಸದಲ್ಲೇ ಒಂದು ಕಾರಣವಿದೆ. ಹತ್ತೊಂಬತ್ತನೆಯ ಶತಮಾನದ ಯುರೋಪಿನ ಹುಚ್ಚಾಸ್ಪತ್ರೆಗಳಲ್ಲಿ ದೊಡ್ಡಸ್ತಿಕೆಯ ಭ್ರಾಂತಿ, ಮರೆವು, ಪಾರ್ಶ್ವವಾಯು ಒಟ್ಟಿಗೇ ಕಾಣಿಸಿಕೊಂಡು ಸಾಯುತ್ತಿದ್ದ ರೋಗಿಗಳು ತುಂಬಿದ್ದರು. ಅದು ಸಿಫಿಲಿಸ್ ಸೋಂಕು ಮೆದುಳಿಗೆ ಏರಿದ್ದರ ಫಲವೆಂದು 1913ರಲ್ಲಿ ಸಂಶೋಧಕರಾದ ನೊಗುಚಿ ಮತ್ತು ಮೂರ್ ತೋರಿಸಿಕೊಟ್ಟ ಮೇಲೆ, ಆ ಕಾಯಿಲೆ ಮೆಲ್ಲಗೆ ಮನೋವೈದ್ಯರ ಕೈಯಿಂದ ಜಾರಿ ಸೋಂಕುರೋಗಗಳ ಪಟ್ಟಿಗೆ ಹೋಯಿತು. 2007ರಲ್ಲಿ ವಿವರವಾಗಿ ಗುರುತಿಸಲಾದ ಒಂದು ಬಗೆಯ ಮೆದುಳು ಉರಿಯೂತವೂ ಹಾಗೆಯೇ. ಅದರಲ್ಲಿ ದೇಹದ ಪ್ರತಿಕಾಯಗಳೇ ನರಕೋಶದ ಗ್ರಾಹಕಗಳ ಮೇಲೆರಗುತ್ತವೆ. ಶುರುವಿನಲ್ಲಿ ನೋಡಿದರೆ ಅಪ್ಪಟ ಮನೋರೋಗದಂತೆಯೇ ಕಾಣುತ್ತದೆ. ಒಂದೇ ಖಚಿತ ಕಾರಣ ಸಿಕ್ಕ ಕಾಯಿಲೆ ಬೇರೆ ವಿಭಾಗಕ್ಕೆ ಹೋಗುವುದರಿಂದ, ಮನೋವೈದ್ಯಶಾಸ್ತ್ರದ ಪಾಲಿಗೆ ಉಳಿಯುವುದು ಅನುವಂಶಿಕತೆ, ಮೆದುಳು, ಬಾಲ್ಯ, ಬಡತನ, ಆಘಾತ ಎಲ್ಲವೂ ಹೆಣೆದುಕೊಂಡ, ಒಂದೇ ಎಳೆ ಹಿಡಿದು ಬಿಡಿಸಲಾಗದ ಕಾಯಿಲೆಗಳು.

ವರ್ಗೀಕರಣದ ಹಾದಿ

ಮನಸ್ಸಿನ ಕಾಯಿಲೆಗಳನ್ನು ವಿಂಗಡಿಸುವ ಪ್ರಯತ್ನ ಹಳೆಯದು. ಚರಕ ಸಂಹಿತೆ ಉನ್ಮಾದವನ್ನು ಮನಸ್ಸು, ಬುದ್ಧಿ, ಸ್ಮೃತಿ, ಶೀಲ, ಆಚಾರ ಮೊದಲಾದವುಗಳ ವಿಭ್ರಮವೆಂದು ವಿವರಿಸಿ, ವಾತ, ಪಿತ್ತ, ಕಫ, ಸನ್ನಿಪಾತ, ಆಗಂತು ಎಂದು ಐದು ಬಗೆ ಮಾಡಿತ್ತು. ಇಂದಿನ ಅಧಿಕೃತ ಪಟ್ಟಿಗಳ ನೇರ ಪೂರ್ವಜ ಮಾತ್ರ ಜರ್ಮನಿಯ ಎಮಿಲ್ ಕ್ರೇಪೆಲಿನ್. ರೋಗಿಯ ಇಂದಿನ ಸ್ಥಿತಿಯೊಂದನ್ನೇ ನೋಡಿದರೆ ಸಾಲದು, ಕಾಯಿಲೆ ವರ್ಷಗಳುದ್ದಕ್ಕೂ ಯಾವ ಹಾದಿ ಹಿಡಿಯುತ್ತದೆ ಎಂದು ನೋಡಬೇಕು ಎಂಬುದು ಅವನ ನಿಲುವು. 1899ರಲ್ಲಿ ಬಂದ ತನ್ನ ಪಠ್ಯಪುಸ್ತಕದ ಆರನೆಯ ಆವೃತ್ತಿಯಲ್ಲಿ ಅವನು ತೀವ್ರ ಮನೋರೋಗಗಳನ್ನು ಎರಡಾಗಿ ಒಡೆದ. ಕ್ರಮೇಣ ಕುಸಿಯುತ್ತ ಹೋಗುವ ಒಂದು ಗುಂಪು. ಉನ್ಮಾದ, ಖಿನ್ನತೆಗಳ ಅಲೆಗಳ ನಡುವೆ ರೋಗಿ ಮತ್ತೆ ಮೊದಲಿನಂತಾಗುವ ಇನ್ನೊಂದು ಗುಂಪು. ಮೊದಲನೆಯದಕ್ಕೆ 1908ರಲ್ಲಿ ಸ್ವಿಟ್ಜರ್ಲೆಂಡಿನ ಆಯ್ಗನ್ ಬ್ಲಾಯ್ಲರ್ ಸ್ಕಿಜೋಫ್ರೇನಿಯಾ ಎಂದು ಹೆಸರಿಟ್ಟ. ಎರಡನೆಯದನ್ನು ಇಂದು ಬೈಪೋಲಾರ್ ಕಾಯಿಲೆ ಎನ್ನುತ್ತೇವೆ. ಶತಮಾನ ದಾಟಿದರೂ ಈ ಸೀಳು ಎರಡೂ ಗ್ರಂಥಗಳಲ್ಲಿ ಉಳಿದಿದೆ. ಎರಡರ ಲಕ್ಷಣಗಳೂ ಬೆರೆತ ರೋಗಿಗಳು ಮಾತ್ರ ಆಗಲೂ ಇದ್ದರು, ಈಗಲೂ ಇದ್ದಾರೆ.

ಐಸಿಡಿ ಹುಟ್ಟಿದ್ದು ಸಾವಿನ ಕಾರಣಗಳ ಪಟ್ಟಿಯಾಗಿ, 1893ರಲ್ಲಿ. ಸತ್ತವರ ಲೆಕ್ಕದಲ್ಲಿ ಮನೋರೋಗಕ್ಕೆ ಜಾಗ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ ಹೊಣೆ ವಹಿಸಿಕೊಂಡ ಮೇಲೆ 1948ರ ಆರನೆಯ ಪರಿಷ್ಕರಣೆಯಲ್ಲಿ ಮಾನಸಿಕ ಕಾಯಿಲೆಗಳಿಗೆ ಮೊದಲ ಬಾರಿಗೆ ಪ್ರತ್ಯೇಕ ವಿಭಾಗ ಬಂತು. 1952ರಲ್ಲಿ ಅಮೆರಿಕದ ಡಿಎಸ್‌ಎಂ ಮೊದಲ ಆವೃತ್ತಿ ಪ್ರಕಟವಾಯಿತು, 1968ರಲ್ಲಿ ಎರಡನೆಯದು. ಇವು ಸುಮಾರು 130 ಪುಟಗಳ ತೆಳ್ಳನೆಯ ಪುಸ್ತಕಗಳು. ಪ್ರತಿ ಕಾಯಿಲೆಗೂ ಕೆಲವೇ ಸಾಲಿನ ವಿವರಣೆ. ಅದರಲ್ಲೂ ಫ್ರಾಯ್ಡ್ ಪರಂಪರೆಯ ಒಳಸಂಘರ್ಷದ ಊಹೆಗಳೇ ಹೆಚ್ಚು. ಒಬ್ಬ ವೈದ್ಯ ಓದಿ ಒಂದು ಅರ್ಥ ಮಾಡಿಕೊಂಡರೆ, ಇನ್ನೊಬ್ಬ ಬೇರೆಯದೇ ಅರ್ಥ ಮಾಡಿಕೊಳ್ಳಲು ಧಾರಾಳ ಅವಕಾಶವಿತ್ತು.

ಇದರ ಪರಿಣಾಮ ಎಷ್ಟು ಗಂಭೀರವೆಂಬುದು 1970ರ ದಶಕದ ಆರಂಭದಲ್ಲಿ ಬಯಲಾಯಿತು. ನ್ಯೂಯಾರ್ಕ್ ಮತ್ತು ಲಂಡನ್ ಆಸ್ಪತ್ರೆಗಳನ್ನು ಹೋಲಿಸಿದ ಅಧ್ಯಯನವೊಂದು 1972ರಲ್ಲಿ ಪುಸ್ತಕವಾಗಿ ಬಂತು. ನ್ಯೂಯಾರ್ಕಿನಲ್ಲಿ ಸ್ಕಿಜೋಫ್ರೇನಿಯಾ ಬಹಳ, ಲಂಡನ್ನಿನಲ್ಲಿ ಉನ್ಮಾದ–ಖಿನ್ನತೆ ಬಹಳ ಎಂದು ದಾಖಲೆಗಳು ಹೇಳುತ್ತಿದ್ದವು. ಒಂದೇ ಬಗೆಯ ಸಂದರ್ಶನ, ಒಂದೇ ಮಾನದಂಡ ಇಟ್ಟು ನೋಡಿದಾಗ ಆ ಅಂತರ ಬಹುಮಟ್ಟಿಗೆ ಕರಗಿಹೋಯಿತು. ಬೇರೆಯಾಗಿದ್ದದ್ದು ವೈದ್ಯರ ಅಭ್ಯಾಸ, ರೋಗಿಗಳಲ್ಲ. ಮರುವರ್ಷ ಮನಶ್ಶಾಸ್ತ್ರಜ್ಞ ಡೇವಿಡ್ ರೋಸೆನ್‌ಹಾನ್ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಲೇಖನ ಕೋಲಾಹಲ ಎಬ್ಬಿಸಿತು. ಮಾನಸಿಕವಾಗಿ ಆರೋಗ್ಯವಂತರಾದ ಎಂಟು ಮಂದಿ ಇಲ್ಲದ ದನಿ ಕೇಳುತ್ತದೆಂದು ಸುಳ್ಳು ಹೇಳಿ ಆಸ್ಪತ್ರೆ ಸೇರಿದರು, ಒಳಗೆ ಸಹಜವಾಗಿ ನಡೆದುಕೊಂಡರೂ ಸಿಬ್ಬಂದಿ ಯಾರೂ ಗುರುತಿಸಲಿಲ್ಲ ಎಂಬುದು ಅದರ ಸಾರ. ಆ ಪ್ರಯೋಗದ ಪ್ರಾಮಾಣಿಕತೆಯ ಬಗ್ಗೆ ಪತ್ರಕರ್ತೆ ಸುಸಾನಾ ಕಹಲಾನ್ 2019ರ ತಮ್ಮ ಪುಸ್ತಕದಲ್ಲಿ ಬಲವಾದ ಸಂದೇಹ ಎತ್ತಿದ್ದಾರೆ. ಆದರೆ ಅದು ಎಬ್ಬಿಸಿದ ಅಪನಂಬಿಕೆ ಅಷ್ಟರಲ್ಲಿ ತನ್ನ ಕೆಲಸ ಮಾಡಿ ಮುಗಿಸಿತ್ತು.

ದಾರಿ ತೋರಿಸಿದವರು ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ವೈದ್ಯರು. ಕಾರಣದ ಊಹೆಗಳನ್ನು ಬದಿಗಿಟ್ಟು, ಕಣ್ಣಿಗೆ ಕಾಣುವ, ಕೇಳಿ ತಿಳಿಯಬಹುದಾದ ಲಕ್ಷಣಗಳನ್ನು ಮಾತ್ರ ಪಟ್ಟಿ ಮಾಡಿ, ಇಷ್ಟರಲ್ಲಿ ಇಷ್ಟು ಇದ್ದರೆ, ಇಷ್ಟು ಕಾಲ ಇದ್ದರೆ ಮಾತ್ರ ಈ ಹೆಸರು ಎಂಬ ಪದ್ಧತಿಯನ್ನು ಅವರು 1972ರಲ್ಲಿ ಪ್ರಕಟಿಸಿದರು. ಕೊಲಂಬಿಯಾ ವಿಶ್ವವಿದ್ಯಾಲಯದ ರಾಬರ್ಟ್ ಸ್ಪಿಟ್ಜರ್ ಮುಂದಾಳತ್ವದಲ್ಲಿ ಇದೇ ಪದ್ಧತಿ 1980ರ ಡಿಎಸ್‌ಎಂ ಮೂರನೆಯ ಆವೃತ್ತಿಯ ಬೆನ್ನೆಲುಬಾಯಿತು. ಪುಸ್ತಕ ಸುಮಾರು 500 ಪುಟಕ್ಕೆ ಬೆಳೆಯಿತು, ‘ನ್ಯೂರೋಸಿಸ್’ ಎಂಬ ದೊಡ್ಡ ಛತ್ರಿ ಮಡಚಿಕೊಂಡಿತು. ಕಾರಣ ಗೊತ್ತಿಲ್ಲದಿದ್ದಾಗ ಗೊತ್ತಿಲ್ಲವೆಂದೇ ಒಪ್ಪಿ ವಿವರಣೆಗೆ ನಿಲ್ಲುವ ಈ ಶಿಸ್ತು ಮನೋವೈದ್ಯಶಾಸ್ತ್ರ ತೆಗೆದುಕೊಂಡ ಅತ್ಯಂತ ಮುಖ್ಯ ತೀರ್ಮಾನ. ಅದರ ಬೆಲೆಯೂ ಸಣ್ಣದಲ್ಲ. ಪಟ್ಟಿ ಗಟ್ಟಿಯಾದಂತೆ, ರೋಗಿಯ ಬದುಕಿನ ಕಥೆ ಕೇಳುವ ವ್ಯವಧಾನ ಎಷ್ಟೋ ಕಡೆ ತೆಳುವಾಯಿತು.

ಎರಡು ಗ್ರಂಥಗಳ ನಡುವೆ

ಡಿಎಸ್‌ಎಂ ನಾಲ್ಕನೆಯ ಆವೃತ್ತಿ 1994ರಲ್ಲಿ, ಐದನೆಯದು 2013ರ ಮೇ ತಿಂಗಳಲ್ಲಿ, ಅದರ ಪರಿಷ್ಕೃತ ಪಠ್ಯ 2022ರಲ್ಲಿ ಬಂದವು. ಐಸಿಡಿ ಹತ್ತನೆಯ ಪರಿಷ್ಕರಣೆಗೆ ವಿಶ್ವ ಆರೋಗ್ಯ ಸಭೆ ಒಪ್ಪಿಗೆ ಕೊಟ್ಟದ್ದು 1990ರಲ್ಲಿ. ಭಾರತದ ಮನೋವೈದ್ಯರು ಬಹುಕಾಲ ಕೇಸ್ ಶೀಟಿನಲ್ಲಿ ಬರೆಯುತ್ತ ಬಂದ ‘ಎಫ್’ ಅಕ್ಷರದ ಸಂಕೇತಗಳು ಅದರ ಐದನೆಯ ಅಧ್ಯಾಯದವು. ಹನ್ನೊಂದನೆಯ ಪರಿಷ್ಕರಣೆ 2019ರ ಮೇ 25ರಂದು ಅಂಗೀಕಾರವಾಗಿ 2022ರ ಜನವರಿ 1ರಿಂದ ಜಾರಿಗೆ ಬಂತು. ವೈದ್ಯರಿಗಾಗಿ ಅದರ ವಿವರವಾದ ರೋಗನಿರ್ಣಯ ಕೈಪಿಡಿ 2024ರಲ್ಲಿ ಹೊರಬಿತ್ತು.

ಡಿಎಸ್‌ಎಂ ಎಣಿಕೆಯ ಗ್ರಂಥ. ಐಸಿಡಿ ವೈದ್ಯನ ವಿವೇಚನೆಗೆ ಹೆಚ್ಚು ಜಾಗ ಬಿಡುತ್ತದೆ. ಹಳ್ಳಿಯ ಆಸ್ಪತ್ರೆಯಿಂದ ಮಹಾನಗರದವರೆಗೆ ಎಲ್ಲ ದೇಶಗಳಿಗೂ ಹೊಂದಬೇಕಾದ್ದರಿಂದ ಅದಕ್ಕೆ ಬೇರೆ ದಾರಿಯೂ ಇಲ್ಲ. ಎರಡೂ ಒಂದೇ ಕಾಯಿಲೆಗೆ ಬೇರೆ ಬೇರೆ ಗಡುವು ಇಡುವುದುಂಟು. ಸ್ಕಿಜೋಫ್ರೇನಿಯಾ ಎನ್ನಲು ಐಸಿಡಿಗೆ ಒಂದು ತಿಂಗಳ ಲಕ್ಷಣಗಳು ಸಾಕು. ಡಿಎಸ್‌ಎಂ ಪ್ರಕಾರ ಕಾಯಿಲೆಯ ಕುರುಹು ಆರು ತಿಂಗಳು ಇರಬೇಕು. ಹೀಗಾಗಿ ಎರಡು ತಿಂಗಳಿಂದ ದನಿ ಕೇಳುತ್ತಿರುವ ಯುವಕನೊಬ್ಬನಿಗೆ ಬೆಂಗಳೂರಿನಲ್ಲಿ ಸಿಗುವ ಹೆಸರೇ ಬೋಸ್ಟನ್ನಿನಲ್ಲಿ ಸಿಗದೆ ಹೋಗಬಹುದು. ಸಾವಿನ ದುಃಖದ ವಿಚಾರದಲ್ಲೂ ಹೀಗೆಯೇ. ಅತಿದೀರ್ಘ ಶೋಕವನ್ನು ಎರಡೂ ಈಗ ಕಾಯಿಲೆಯೆಂದು ಗುರುತಿಸುತ್ತವೆ, ಆದರೆ ಐಸಿಡಿಯ ಗಡಿ ಆರು ತಿಂಗಳು, ಡಿಎಸ್‌ಎಂನದು ವಯಸ್ಕರಿಗೆ ಒಂದು ವರ್ಷ. ವರ್ಷಾಬ್ದಿಕದ ತನಕ ಮನೆಯಲ್ಲಿ ಹಬ್ಬ ಮಾಡದ ಸಮಾಜಗಳಲ್ಲಿ ಆರು ತಿಂಗಳ ಗಡಿಯನ್ನು ಕಣ್ಣುಮುಚ್ಚಿ ಹಿಡಿಯುವುದು ತಪ್ಪಾಗುತ್ತದೆ. ಐಸಿಡಿಯೇ ಆ ಎಚ್ಚರ ಕೊಟ್ಟಿದೆ: ರೋಗಿಯ ಸಂಸ್ಕೃತಿ, ಧರ್ಮಗಳ ರೂಢಿಯನ್ನು ಸ್ಪಷ್ಟವಾಗಿ ಮೀರಿದ್ದರೆ ಮಾತ್ರ ಅದು ಕಾಯಿಲೆ.

ಐಸಿಡಿ-11 ಸ್ಕಿಜೋಫ್ರೇನಿಯಾದ ಹಳೆಯ ಉಪವಿಧಗಳನ್ನು ಕೈಬಿಟ್ಟಿತು. ವ್ಯಕ್ತಿತ್ವದ ದೋಷಗಳನ್ನು ಹೆಸರುಗಳ ಬದಲು ತೀವ್ರತೆಯಿಂದ ಅಳೆಯತೊಡಗಿತು. ಲಿಂಗ ಗುರುತಿಗೆ ಸಂಬಂಧಿಸಿದ ಸ್ಥಿತಿಯನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ತೆಗೆದು ಲೈಂಗಿಕ ಆರೋಗ್ಯದ ಅಧ್ಯಾಯಕ್ಕೆ ಒಯ್ದಿತು. ವಿಡಿಯೊ ಗೇಮ್ ವ್ಯಸನವನ್ನು ಸೇರಿಸಿತು: ಆಟದ ಮೇಲೆ ಹಿಡಿತ ತಪ್ಪಿರಬೇಕು, ಬೇರೆಲ್ಲಕ್ಕಿಂತ ಆಟವೇ ಮೇಲಾಗಿರಬೇಕು, ಹಾನಿ ಕಂಡರೂ ನಿಲ್ಲಿಸಲಾಗದಿರಬೇಕು, ಇದು ಸಾಮಾನ್ಯವಾಗಿ 12 ತಿಂಗಳು ನಡೆದಿರಬೇಕು. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ತಂತ್ರಜ್ಞಾನದ ಅತಿಬಳಕೆಗೆಂದೇ ‘ಶಟ್’ ಕ್ಲಿನಿಕ್ ತೆರೆದದ್ದು 2014ರಲ್ಲಿ, ಈ ಹೆಸರು ಅಧಿಕೃತ ಪಟ್ಟಿಗೆ ಸೇರುವ ಐದು ವರ್ಷ ಮೊದಲೇ. ಮಗ ಊಟಕ್ಕೂ ಮೊಬೈಲು ಬಿಡುವುದಿಲ್ಲ ಎಂಬ ದೂರು ಈಗ ಎಲ್ಲ ಮನೆಗಳದ್ದು. ಆದರೆ ಮೇಲಿನ ನಾಲ್ಕೂ ಷರತ್ತು ಕೂಡುವ ಹುಡುಗರು ಕೆಲವರೇ.

ವ್ಯಾಖ್ಯೆಯ ಒಳರಚನೆ

ಮಾನಸಿಕ ಕಾಯಿಲೆ ಎಂದರೇನು ಎಂಬ ಮೂಲ ಪ್ರಶ್ನೆಗೆ ಎರಡೂ ಗ್ರಂಥಗಳ ಉತ್ತರ ಹೆಚ್ಚುಕಡಿಮೆ ಒಂದೇ: ಯೋಚನೆ, ಭಾವನೆಗಳ ನಿಯಂತ್ರಣ ಅಥವಾ ನಡವಳಿಕೆಯಲ್ಲಿ ಗಣನೀಯ ಏರುಪೇರು, ಅದು ಮನಸ್ಸಿನ, ದೇಹದ ಇಲ್ಲವೇ ಬೆಳವಣಿಗೆಯ ಪ್ರಕ್ರಿಯೆಯೊಂದು ಸರಿಯಾಗಿ ಕೆಲಸ ಮಾಡದಿರುವುದರ ಸೂಚನೆ, ಮತ್ತು ಸಾಮಾನ್ಯವಾಗಿ ಅದರಿಂದ ಸಂಕಟ ಅಥವಾ ಬದುಕಿಗೆ ಅಡ್ಡಿ. ಡಿಎಸ್‌ಎಂ ಇದರೊಂದಿಗೆ ಎರಡು ಬೇಲಿಗಳನ್ನು ಹಾಕುತ್ತದೆ. ಆಪ್ತರ ಸಾವಿನಂಥ ನಷ್ಟಕ್ಕೆ ಸಮಾಜ ನಿರೀಕ್ಷಿಸುವ ಪ್ರತಿಕ್ರಿಯೆ ಕಾಯಿಲೆಯಲ್ಲ. ಸಮಾಜದೊಂದಿಗಿನ ಸಂಘರ್ಷ, ರಾಜಕೀಯ, ಧಾರ್ಮಿಕ ಅಥವಾ ಲೈಂಗಿಕ ಭಿನ್ನತೆ, ಅಷ್ಟರಿಂದಲೇ ಕಾಯಿಲೆಯಲ್ಲ.

ಖಿನ್ನತೆಯನ್ನೇ ತೆಗೆದುಕೊಳ್ಳೋಣ. ಡಿಎಸ್‌ಎಂ ಒಂಬತ್ತು ಲಕ್ಷಣಗಳನ್ನು ಕೊಡುತ್ತದೆ: ದಿನದ ಬಹುಪಾಲು ಮಂಕು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಹಸಿವು ಅಥವಾ ತೂಕದ ಏರುಪೇರು, ನಿದ್ದೆಯ ಏರುಪೇರು, ಚಲನೆ ಮಂದವಾಗುವುದು ಅಥವಾ ಚಡಪಡಿಕೆ, ಸುಸ್ತು, ತಾನು ನಿಷ್ಪ್ರಯೋಜಕ ಎಂಬ ಭಾವ ಇಲ್ಲವೇ ಅತಿಯಾದ ತಪ್ಪಿತಸ್ಥ ಭಾವ, ಗಮನ ನಿಲ್ಲದಿರುವುದು, ಸಾವಿನ ಯೋಚನೆ. ಎರಡು ವಾರಗಳ ಕಾಲ, ಬಹುತೇಕ ಪ್ರತಿದಿನ, ಇವುಗಳಲ್ಲಿ ಐದು ಇರಬೇಕು. ಮೊದಲೆರಡರಲ್ಲಿ ಒಂದಾದರೂ ಇರಲೇಬೇಕು. ಐಸಿಡಿ-11 ಇದಕ್ಕೆ ನಿರಾಶೆಯನ್ನು ಹತ್ತನೆಯದಾಗಿ ಸೇರಿಸಿತು. ಲಕ್ಷಣ, ಅವಧಿ ಕೂಡಿದರಷ್ಟೇ ಸಾಲದು, ಕೆಲಸ, ಓದು, ಸಂಸಾರ ಕೆಟ್ಟಿರಬೇಕು ಅಥವಾ ಸಂಕಟ ತೀವ್ರವಾಗಿರಬೇಕು. ಕೊನೆಯದಾಗಿ, ಇದು ಥೈರಾಯ್ಡ್ ಕೊರತೆಯಿಂದ, ಔಷಧದಿಂದ, ಮದ್ಯದಿಂದ ಬಂದದ್ದಾಗಿರಬಾರದು. ಹಿಂದೆಂದೂ ಉನ್ಮಾದದ ಅಲೆ ಬಂದಿರಬಾರದು.

ಈ ಕೊನೆಯ ಷರತ್ತನ್ನು ಓದುಗರು ಹಗುರವಾಗಿ ಕಾಣಬಾರದು. ಬೈಪೋಲಾರ್ ಕಾಯಿಲೆ ಎಷ್ಟೋ ಜನರಲ್ಲಿ ಖಿನ್ನತೆಯಾಗಿಯೇ ಶುರುವಾಗುತ್ತದೆ. ನಿದ್ದೆಯಿಲ್ಲದೆಯೂ ಹುರುಪಾಗಿದ್ದ, ಕೈಲಿದ್ದ ಹಣ ಚೆಲ್ಲಿದ, ಮಾತು ನಿಲ್ಲದಿದ್ದ ದಿನಗಳು ಹಿಂದೆ ಇದ್ದವೇ ಎಂದು ಕೇಳದೆ ಖಿನ್ನತೆಗೆ ಮಾತ್ರ ಔಷಧ ಕೊಟ್ಟರೆ, ಕೆಲವರಲ್ಲಿ ಅದೇ ಉನ್ಮಾದವನ್ನು ಎಬ್ಬಿಸಬಹುದು. ರೋಗಿಗೆ ಆ ದಿನಗಳು ಕಾಯಿಲೆಯಾಗಿ ನೆನಪಿರುವುದಿಲ್ಲ, ಒಳ್ಳೆಯ ದಿನಗಳಾಗಿ ನೆನಪಿರುತ್ತವೆ. ಅದಕ್ಕೇ ಮನೆಯವರನ್ನು ಕೇಳಬೇಕು.

ಸಂಖ್ಯೆಗಳು ಎಲ್ಲಿಂದ ಬಂದವು? ಹದಿಮೂರು ದಿನ ಮಂಕಾಗಿದ್ದವನಿಗೂ ಹದಿನಾಲ್ಕು ದಿನ ಮಂಕಾಗಿದ್ದವನಿಗೂ ಪ್ರಕೃತಿಯಲ್ಲಿ ಗೆರೆಯಿಲ್ಲ. ಉನ್ಮಾದಕ್ಕೆ ಒಂದು ವಾರ, ಅದರ ಸೌಮ್ಯ ರೂಪಕ್ಕೆ ನಾಲ್ಕು ದಿನ, ಗೀಳಿಗೆ ದಿನಕ್ಕೆ ಒಂದು ಗಂಟೆ ಎಂಬ ಡಿಎಸ್‌ಎಂ ಅಂಕೆಗಳೆಲ್ಲ ತಜ್ಞರು ಚರ್ಚಿಸಿ ಇಟ್ಟ ಗಡಿಗಳು. ಗಮನಹೀನತೆಯ ಕಾಯಿಲೆ ಏಳು ವರ್ಷದೊಳಗೆ ಶುರುವಾಗಿರಬೇಕೆಂದು 1994ರಲ್ಲಿತ್ತು, 2013ರಲ್ಲಿ ಅದು ಹನ್ನೆರಡು ವರ್ಷಕ್ಕೆ ಏರಿತು. ಒಂದೇ ದಿನದಲ್ಲಿ ಎಷ್ಟೋ ಜನರ ಸ್ಥಿತಿಗೆ ಹೆಸರು ಸಿಕ್ಕಿತು. ಎಣಿಕೆಯ ಪದ್ಧತಿಗೆ ಇನ್ನೊಂದು ವಿಚಿತ್ರ ಫಲವೂ ಇದೆ. ಒಂಬತ್ತರಲ್ಲಿ ಐದು ಎಂಬ ನಿಯಮವನ್ನು 227 ಬೇರೆ ಬೇರೆ ಜೋಡಣೆಗಳು ಪೂರೈಸುತ್ತವೆ. ಇಬ್ಬರು ಖಿನ್ನತೆಯ ರೋಗಿಗಳ ನಡುವೆ ಒಂದೇ ಒಂದು ಲಕ್ಷಣ ಸಮಾನವಾಗಿದ್ದರೂ ಇಬ್ಬರಿಗೂ ಹೆಸರು ಒಂದೇ.

ರೋಗನಿರ್ಣಯ ನಡೆಯುವ ಬಗೆ

ಕೆಲಸ ಆರಂಭವಾಗುವುದು ಮಾತಿನಿಂದ. ತೊಂದರೆ ಯಾವಾಗ ಶುರುವಾಯಿತು, ಮೊದಲು ಗಮನಿಸಿದವರು ಯಾರು, ಮನೆತನದಲ್ಲಿ ಯಾರಿಗಾದರೂ ಇತ್ತೇ, ಕುಡಿತ ಎಷ್ಟು, ಹೆರಿಗೆ ಯಾವಾಗ ಆಯಿತು, ಸಾಲ ಇದೆಯೇ. ನಮ್ಮಲ್ಲಿ ರೋಗಿಯ ಜೊತೆ ಮನೆಯವರು ಬರುವುದು ವರದಾನ. ಅವರೆದುರು ಹೇಳಲಾಗದ ಸಂಗತಿಗಳಿಗಾಗಿ ರೋಗಿಯೊಬ್ಬರನ್ನೇ ಕೂರಿಸಿ ಮಾತಾಡುವುದೂ ಅಷ್ಟೇ ಅಗತ್ಯ. ಗಂಡನ ಹೊಡೆತ, ಬಾಲ್ಯದ ದೌರ್ಜನ್ಯ ಹೊರಬರುವುದು ಆಗಲೇ. ಕರ್ನಾಟಕದ ಹೊರರೋಗಿ ವಿಭಾಗಗಳಲ್ಲಿ ‘ಬೇಜಾರು’ ಎಂಬ ಮಾತಿಗಿಂತ ಮೊದಲು ಕಿವಿಗೆ ಬೀಳುವುದು ತಲೆ ಬಿಸಿ, ಎದೆ ಡವಡವ, ಮೈ ಉರಿ, ಕೈಕಾಲು ಸೆಳೆತ, ನಿದ್ದೆ ಬರೊಲ್ಲ ಎಂಬ ಮಾತುಗಳು. ಅವುಗಳಡಿಯಲ್ಲಿರುವ ಖಿನ್ನತೆ, ಆತಂಕಗಳನ್ನು ಕೇಳಿ ಹೊರತೆಗೆಯಬೇಕು.

ಮಾತಾಡುತ್ತಲೇ ವೈದ್ಯರು ಮನಃಸ್ಥಿತಿಯ ಪರೀಕ್ಷೆ ಮಾಡುತ್ತಾರೆ: ಉಡುಗೆ, ಕಣ್ಣೋಟ, ಮಾತಿನ ವೇಗ, ಯೋಚನೆಗಳ ಕೊಂಡಿ, ಸುಳ್ಳೆಂದು ತೋರಿಸಿದರೂ ಬಿಡದ ನಂಬಿಕೆಗಳು, ಇಲ್ಲದ ದನಿ, ಇಂದು ಯಾವ ದಿನ ಎಂಬ ಅರಿವು, ನೆನಪು, ತನಗೆ ಕಾಯಿಲೆ ಇದೆ ಎಂಬ ಒಪ್ಪಿಗೆ. ಆತ್ಮಹತ್ಯೆಯ ಯೋಚನೆ ಇದೆಯೇ ಎಂದು ನೇರವಾಗಿಯೇ ಕೇಳಲಾಗುತ್ತದೆ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ತಿಳಿವಳಿಕೆ. ನಂತರ ದೇಹದ ಪರೀಕ್ಷೆ. ಥೈರಾಯ್ಡ್, ಬಿ-12 ಕೊರತೆ, ಮೂರ್ಛೆರೋಗ, ಸೋಂಕಿನಿಂದ ಬಂದ ಸನ್ನಿ, ಕುಡಿತ ಬಿಟ್ಟ ಎರಡು ಮೂರು ದಿನಗಳಲ್ಲಿ ಬರುವ ಕಂಪನ ಮತ್ತು ಭ್ರಮೆ, ಇವನ್ನೆಲ್ಲ ಮೊದಲು ತಳ್ಳಿಹಾಕಬೇಕು. ಸ್ಕ್ಯಾನ್ ಮಾಡಿಸುವುದು ಇದಕ್ಕಾಗಿಯೇ. ಖಿನ್ನತೆ ಫಿಲ್ಮಿನಲ್ಲಿ ಕಾಣುವುದಿಲ್ಲ.

ಸಂಶೋಧನೆಯಲ್ಲಿ ಪ್ರಶ್ನೆಗಳ ಕ್ರಮವನ್ನೂ ಗೊತ್ತುಮಾಡಿದ ಸಂದರ್ಶನಗಳನ್ನು ಬಳಸುತ್ತಾರೆ. ಮೊಬೈಲಿನಲ್ಲಿ ಓಡಾಡುವ ಪಿಎಚ್‌ಕ್ಯೂ-9ರಂಥ ಪ್ರಶ್ನಾವಳಿಗಳ ಸ್ಥಾನ ಬೇರೆ. 27ರಲ್ಲಿ 10 ಅಂಕ ಮುಟ್ಟಿದರೆ ವೈದ್ಯರನ್ನು ಕಾಣಬೇಕು ಎಂದು ಅದು ಸೂಚಿಸುತ್ತದೆ, ರೋಗವನ್ನು ನಿರ್ಣಯಿಸುವುದಿಲ್ಲ. ತನಗೆ ತಾನೇ ಅಂಕ ಹಾಕಿಕೊಂಡು ಹೆಸರನ್ನು ಅಂಟಿಸಿಕೊಳ್ಳುವ ರೂಢಿ ಈಚೆಗೆ ಯುವಜನರಲ್ಲಿ ಬೆಳೆಯುತ್ತಿರುವುದರಿಂದ ಈ ಭೇದವನ್ನು ಒತ್ತಿ ಹೇಳಬೇಕಾಗಿದೆ. ಒಳ್ಳೆಯ ವೈದ್ಯರು ಮೊದಲ ಭೇಟಿಯಲ್ಲಿ ಬರೆದ ಹೆಸರನ್ನು ತಾತ್ಕಾಲಿಕವೆಂದೇ ಎಣಿಸುತ್ತಾರೆ. ಎಷ್ಟೋ ಬಾರಿ ಸರಿಯಾದ ಹೆಸರನ್ನು ಹೇಳುವುದು ಮುಂದಿನ ಒಂದೆರಡು ವರ್ಷಗಳ ಒಡನಾಟ.

ಸಂಸ್ಕೃತಿಯ ಪ್ರಶ್ನೆ

ಒಂದೇ ಪಟ್ಟಿ ಎಲ್ಲ ಸಮಾಜಗಳಿಗೂ ಹೊಂದುತ್ತದೆಯೇ? ವಿಶ್ವ ಆರೋಗ್ಯ ಸಂಸ್ಥೆ ಇದನ್ನು ತಿಳಿಯಲು 1960ರ ದಶಕದಲ್ಲಿ ಒಂಬತ್ತು ಕೇಂದ್ರಗಳಲ್ಲಿ ಸ್ಕಿಜೋಫ್ರೇನಿಯಾ ಅಧ್ಯಯನ ಆರಂಭಿಸಿತು, ಆಗ್ರಾ ಅವುಗಳಲ್ಲೊಂದು. ಕಾಯಿಲೆಯ ತಿರುಳು ಎಲ್ಲೆಡೆ ಒಂದೇ ರೀತಿ ಕಂಡಿತು. ಆದರೆ ಆಗ್ರಾ ಮತ್ತು ನೈಜೀರಿಯಾದ ಇಬಾದಾನ್ ರೋಗಿಗಳು ಶ್ರೀಮಂತ ದೇಶಗಳ ರೋಗಿಗಳಿಗಿಂತ ಚೆನ್ನಾಗಿ ಚೇತರಿಸಿಕೊಂಡದ್ದು ಅನಿರೀಕ್ಷಿತವಾಗಿತ್ತು. ಅದಕ್ಕೆ ಕುಟುಂಬವೇ ಕಾರಣವೇ, ಅಲ್ಪಕಾಲದ ಮನೋರೋಗಗಳು ಲೆಕ್ಕದಲ್ಲಿ ಸೇರಿಕೊಂಡವೇ ಎಂಬ ವಾದ ಇನ್ನೂ ಮುಗಿದಿಲ್ಲ.

ಕರ್ನಾಟಕದ ಕೊಡುಗೆ ಇಲ್ಲಿ ದೊಡ್ಡದು. ಮನೋವೈದ್ಯರಾದ ಜಿ.ಎಂ. ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಕರಾವಳಿಯ ಕೋಟ ಗ್ರಾಮದಲ್ಲಿ ಬ್ರಾಹ್ಮಣ, ಬಂಟ, ಮೊಗವೀರ ಸಮುದಾಯಗಳ ನಡುವೆ ನಡೆಸಿದ ಅಧ್ಯಯನ 1976ರಲ್ಲಿ ‘ದ ಗ್ರೇಟ್ ಯೂನಿವರ್ಸ್ ಆಫ್ ಕೋಟ’ ಎಂಬ ಗ್ರಂಥವಾಗಿ ಬಂತು. ಪಶ್ಚಿಮದ ಪ್ರಶ್ನಾವಳಿಯನ್ನು ಹಾಗೇ ತಂದು ಕೇಳಿದರೆ ಹಳ್ಳಿಯಲ್ಲಿ ಸರಿಹೊಂದದೆಂದು ಅವರು ಭಾರತಕ್ಕೆಂದೇ ಹೊಸ ಮನೋವೈದ್ಯಕೀಯ ಸಂದರ್ಶನವೊಂದನ್ನು ರೂಪಿಸಿದರು. ಊರಿನವರು ನಾಟಿ ವೈದ್ಯ, ಮಂತ್ರವಾದಿ, ಪಾತ್ರಿ, ಡಾಕ್ಟರು ಎಲ್ಲರ ಬಳಿಗೂ ಹೋಗುತ್ತಿದ್ದುದನ್ನು, ಒಂದನ್ನು ನಂಬಿದರೆ ಇನ್ನೊಂದನ್ನು ಬಿಡಬೇಕೆಂದು ಅವರಿಗೆ ಅನಿಸದಿದ್ದುದನ್ನು ಕಪೂರ್ ದಾಖಲಿಸಿದ್ದಾರೆ.

ಮೈಮೇಲೆ ಬರುವುದು ಕಾಯಿಲೆಯೇ ಎಂಬ ಪ್ರಶ್ನೆಗೆ ಐಸಿಡಿ ಕೊಡುವ ಉತ್ತರ ತುಳುನಾಡಿನ ಮಟ್ಟಿಗೆ ನೇರವಾಗಿ ಅನ್ವಯಿಸುತ್ತದೆ. ಆವೇಶ ಬೇಡವೆಂದರೂ ಬರುತ್ತಿದ್ದರೆ, ಸಮುದಾಯ ಒಪ್ಪಿದ ಆಚರಣೆಯ ಭಾಗವಾಗಿರದಿದ್ದರೆ, ಸಂಕಟ ಅಥವಾ ಅಡ್ಡಿ ತಂದರೆ ಮಾತ್ರ ಅದು ಕಾಯಿಲೆ. ಕೋಲದಲ್ಲಿ ಗಗ್ಗರ ಕಟ್ಟಿ, ಹೊತ್ತು ಗೊತ್ತು ನೋಡಿ, ಕಟ್ಟುಕಟ್ಟಳೆಯಂತೆ ದೈವದ ಆವೇಶಕ್ಕೆ ಒಳಗಾಗಿ ನುಡಿಕೊಟ್ಟು ಮರುದಿನ ಕೆಲಸಕ್ಕೆ ಹೋಗುವವರನ್ನು ಯಾವ ಪಟ್ಟಿಯೂ ರೋಗಿ ಎನ್ನುವುದಿಲ್ಲ. ಅತ್ತೆಮನೆಯಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಮೈ ನಡುಗಿ ಬೀಳುವ, ಆಮೇಲೆ ಏನೂ ನೆನಪಿಲ್ಲದೆ ಅಳುವ ಹೆಣ್ಣುಮಗಳ ಸ್ಥಿತಿ ಬೇರೆ. ಭಾರತೀಯ ಮನೋವೈದ್ಯ ಎನ್.ಎನ್. ವಿಗ್ 1960ರಲ್ಲಿ ಹೆಸರಿಟ್ಟ, ಧಾತು ನಷ್ಟವಾಗುತ್ತಿದೆಯೆಂದು ಹೆದರಿ ಬಳಲುವ ಗಂಡಸರ ‘ಧಾತ್’ ಸ್ಥಿತಿಯೂ ಐಸಿಡಿ-10ರಲ್ಲಿ ಉಲ್ಲೇಖ ಪಡೆಯಿತು.

ವಿವಾದಗಳು

ಅಧಿಕೃತ ಪಟ್ಟಿ ತಪ್ಪಿದಾಗ ಬೆಲೆ ತೆತ್ತವರು ಬಲವಿಲ್ಲದವರು. ಸಲಿಂಗಕಾಮ ಡಿಎಸ್‌ಎಂನಲ್ಲಿ ಕಾಯಿಲೆಯಾಗಿತ್ತು. ಹೋರಾಟಗಾರರ ಒತ್ತಡ ಮತ್ತು ಸಾಕ್ಷ್ಯಗಳ ಮರುಪರಿಶೀಲನೆಯ ನಂತರ 1973ರ ಡಿಸೆಂಬರಿನಲ್ಲಿ ಅಮೆರಿಕನ್ ಸೈಕಿಯಾಟ್ರಿಕ್ ಅಸೋಸಿಯೇಷನ್ ಅದನ್ನು ತೆಗೆದುಹಾಕಿತು. ಐಸಿಡಿಯಿಂದ ಅದು ಹೊರಬೀಳಲು 1990 ಬರಬೇಕಾಯಿತು. ಸೋವಿಯತ್ ಒಕ್ಕೂಟದಲ್ಲಿ ಸರ್ಕಾರವನ್ನು ವಿರೋಧಿಸಿದವರಿಗೆ ‘ಜಡಗತಿಯ ಸ್ಕಿಜೋಫ್ರೇನಿಯಾ’ ಎಂಬ ಹೆಸರು ಹಚ್ಚಿ ಆಸ್ಪತ್ರೆಗೆ ತಳ್ಳಿದರು. ಜಗತ್ತಿನ ಮನೋವೈದ್ಯರು ಖಂಡಿಸಿದಾಗ ಅಲ್ಲಿನ ಸಂಘ 1983ರಲ್ಲಿ ವಿಶ್ವ ಮನೋವೈದ್ಯ ಸಂಘಟನೆಯನ್ನೇ ಬಿಟ್ಟು ಹೋಯಿತು.

ವಿಜ್ಞಾನದ ಒಳಗಿನ ಟೀಕೆ ಬೇರೆ ಬಗೆಯದು. ಇಬ್ಬರು ವೈದ್ಯರು ಬೇರೆ ಬೇರೆಯಾಗಿ ನೋಡಿ ಎಷ್ಟು ಮಟ್ಟಿಗೆ ಒಂದೇ ನಿರ್ಣಯಕ್ಕೆ ಬರುತ್ತಾರೆ ಎಂಬುದನ್ನು ಕಪ್ಪಾ ಎಂಬ ಅಂಕೆಯಲ್ಲಿ ಅಳೆಯುತ್ತಾರೆ. 1 ಎಂದರೆ ಪೂರ್ಣ ಹೊಂದಾಣಿಕೆ, 0 ಎಂದರೆ ಕಣ್ಣುಮುಚ್ಚಿ ಊಹಿಸಿದಷ್ಟೇ. ಡಿಎಸ್‌ಎಂ-5ರ ಕ್ಷೇತ್ರ ಪರೀಕ್ಷೆಯಲ್ಲಿ ಆಘಾತೋತ್ತರ ಒತ್ತಡಕ್ಕೆ 0.67, ಸ್ಕಿಜೋಫ್ರೇನಿಯಾಕ್ಕೆ 0.46 ಬಂದರೆ, ತುಂಬ ಸಾಮಾನ್ಯವಾದ ಖಿನ್ನತೆಗೆ ಬಂದದ್ದು 0.28. ಐಸಿಡಿ-11 ಪರೀಕ್ಷೆ 13 ದೇಶಗಳಲ್ಲಿ ನಡೆದು 0.45ರಿಂದ 0.88ರ ವರೆಗಿನ ಅಂಕೆಗಳನ್ನು ಕೊಟ್ಟಿತು. ಅಲ್ಲಿ ಇಬ್ಬರು ವೈದ್ಯರೂ ಒಂದೇ ಸಂದರ್ಶನವನ್ನು ಕೇಳಿಸಿಕೊಂಡಿದ್ದರು ಎಂಬುದನ್ನು ಮರೆತು ಎರಡನ್ನೂ ಅಕ್ಕಪಕ್ಕ ಇಡಬಾರದು. ಇನ್ನೂ ಆಳದ ಪ್ರಶ್ನೆ, ಎಲ್ಲರೂ ಒಪ್ಪಿದ ಹೆಸರಿನ ಹಿಂದೆ ನಿಜವಾಗಿ ಒಂದು ಪ್ರತ್ಯೇಕ ಕಾಯಿಲೆ ಇದೆಯೇ ಎಂಬುದು. ಡಿಎಸ್‌ಎಂ-5 ಬರುವ ಕೆಲವೇ ವಾರ ಮೊದಲು ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ನಿರ್ದೇಶಕ ಥಾಮಸ್ ಇನ್ಸೆಲ್, ಸಂಶೋಧನೆಯನ್ನು ಆ ಹೆಸರುಗಳಿಂದಾಚೆಗೆ ಒಯ್ಯುವುದಾಗಿ ಪ್ರಕಟಿಸಿದರು. ಭಯ, ಸ್ಮೃತಿ, ಪ್ರೇರಣೆ ಮುಂತಾದ ಮೂಲ ಕ್ರಿಯೆಗಳನ್ನೇ ಅಳೆಯುವ ಆ ಯೋಜನೆಯಿಂದ ಹೊರರೋಗಿ ವಿಭಾಗದಲ್ಲಿ ಬಳಸಬಹುದಾದ ಪಟ್ಟಿ ಇನ್ನೂ ಬಂದಿಲ್ಲ. ಎದುರಿಗೆ ಕೂತ ರೋಗಿ ಅಷ್ಟು ಕಾಲ ಕಾಯಲಾರ.

ಭಾರತದ ಕಾನೂನಿನಲ್ಲಿ

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಯೋಚನೆ, ಭಾವ, ಗ್ರಹಿಕೆ, ದೇಶಕಾಲಗಳ ಅರಿವು ಅಥವಾ ನೆನಪಿನ ಗಣನೀಯ ಏರುಪೇರಿನಿಂದ ವಿವೇಚನೆ, ನಡವಳಿಕೆ, ವಾಸ್ತವವನ್ನು ಗುರುತಿಸುವ ಶಕ್ತಿ ಅಥವಾ ದೈನಂದಿನ ಬದುಕು ನಡೆಸುವ ಸಾಮರ್ಥ್ಯ ತೀವ್ರವಾಗಿ ಕುಂದಿದ್ದರೆ ಅದು ಮಾನಸಿಕ ಕಾಯಿಲೆ ಎನ್ನುತ್ತದೆ ಅದು. ಮದ್ಯ, ಮಾದಕವಸ್ತುಗಳಿಂದ ಬಂದ ಸ್ಥಿತಿಗಳು ಇದರೊಳಗೆ. ಬುದ್ಧಿಮಾಂದ್ಯ ಇದರಿಂದ ಹೊರಗೆ. ಐಸಿಡಿ ಹೆಸರಿಸುವ ಸೌಮ್ಯ ಆತಂಕದಂಥವು ಈ ಬಿಗಿ ವ್ಯಾಖ್ಯೆಯಲ್ಲಿ ಸೇರಲಾರವು. ಮೂರನೆಯ ಕಲಮು ಕಾಯ್ದೆಯ ಹೃದಯ. ರೋಗನಿರ್ಣಯ ಐಸಿಡಿಯ ಇತ್ತೀಚಿನ ಆವೃತ್ತಿಯೂ ಸೇರಿದಂತೆ ಮಾನ್ಯ ವೈದ್ಯಕೀಯ ಮಾನದಂಡಗಳ ಪ್ರಕಾರವೇ ಆಗಬೇಕು. ಜಾತಿ, ಧರ್ಮ, ರಾಜಕೀಯ, ಆರ್ಥಿಕ ಸ್ಥಾನದ ಮೇಲಾಗಲಿ, ಸಮಾಜದ ನೀತಿಗೆ ಹೊಂದಿಕೊಳ್ಳಲಿಲ್ಲ ಎಂಬ ಕಾರಣಕ್ಕಾಗಲಿ ಯಾರನ್ನೂ ರೋಗಿ ಎನ್ನುವಂತಿಲ್ಲ. ಹಿಂದೊಮ್ಮೆ ಆಸ್ಪತ್ರೆಯಲ್ಲಿದ್ದರು ಎಂಬುದೊಂದೇ ಇಂದಿನ ಕಾಯಿಲೆಗೆ ಪುರಾವೆಯಲ್ಲ. ಕಾಯಿಲೆ ಇದೆ ಎಂದ ಮಾತ್ರಕ್ಕೆ, ಸಮರ್ಥ ನ್ಯಾಯಾಲಯ ಹೇಳದ ಹೊರತು, ಆ ವ್ಯಕ್ತಿ ಅಸ್ವಸ್ಥಚಿತ್ತನಾಗುವುದಿಲ್ಲ. ಆಸ್ತಿಗಾಗಿ, ಒಪ್ಪದ ಮದುವೆ ತಪ್ಪಿಸುವುದಕ್ಕಾಗಿ ‘ತಲೆ ಸರಿಯಿಲ್ಲ’ ಎಂಬ ಮಾತನ್ನು ಆಯುಧ ಮಾಡಿಕೊಂಡ ಕುಟುಂಬಗಳಿರುವ ನಾಡಿನಲ್ಲಿ ಈ ಸಾಲುಗಳಿಗೆ ಬಲು ತೂಕವಿದೆ.

ನ್ಯಾಯಾಲಯ ವೈದ್ಯರ ಹೆಸರನ್ನೇ ಅಂತಿಮವೆಂದು ಹಿಡಿಯುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 22ನೆಯ ಕಲಮಿನ ರಕ್ಷಣೆ ಪಡೆಯಲು ಸ್ಕಿಜೋಫ್ರೇನಿಯಾ ಇದ್ದರೆ ಸಾಲದು. ಕೃತ್ಯದ ಹೊತ್ತಿನಲ್ಲಿ ತಾನು ಮಾಡುತ್ತಿರುವುದು ಏನು, ಅದು ತಪ್ಪೇ ಎಂದು ತಿಳಿಯಲಾಗದ ಸ್ಥಿತಿಯಲ್ಲಿದ್ದನೇ ಎಂಬುದನ್ನು ತೋರಿಸಬೇಕು. ವಿಚ್ಛೇದನದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 1988ರಲ್ಲಿ, ಸ್ಕಿಜೋಫ್ರೇನಿಯಾ ಎಂಬ ಹೆಸರಷ್ಟೇ ಸಾಲದು, ಕಾಯಿಲೆಯ ತೀವ್ರತೆಯನ್ನು ಸಾಬೀತುಪಡಿಸಬೇಕು ಎಂದಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ 21 ಬಗೆಗಳಲ್ಲೊಂದು. ಅಲ್ಲಿ ಅಳೆಯುವುದು ಕಾಯಿಲೆಯನ್ನಲ್ಲ, ಅದರಿಂದಾದ ಅಡ್ಡಿಯನ್ನು. ತನ್ನ ಆರೈಕೆ, ಜನರೊಡನೆ ಒಡನಾಟ, ಸಂವಹನ, ಕೆಲಸ, ಈ ನಾಲ್ಕನ್ನು ಕಾಯಿಲೆಯ ಅವಧಿಯೊಡನೆ ಲೆಕ್ಕ ಹಾಕುವ ಐಡಿಯಾಸ್ ಎಂಬ ಭಾರತೀಯ ಅಳತೆ ಬಳಕೆಯಲ್ಲಿದ್ದು, ಶೇ 40 ಮುಟ್ಟಿದರೆ ಸೌಲಭ್ಯಗಳಿಗೆ ಅರ್ಹತೆ.

ಹಳ್ಳಿಯ ಮಟ್ಟದಲ್ಲಿ

ಇಷ್ಟೆಲ್ಲ ನಾಜೂಕಿನ ರೋಗನಿರ್ಣಯಕ್ಕೆ ಬೇಕಾದಷ್ಟು ಮನೋವೈದ್ಯರು ದೇಶದಲ್ಲಿಲ್ಲ. ಇದನ್ನು ಮೊದಲೇ ಕಂಡ ನಿಮ್ಹಾನ್ಸ್ 1970ರ ದಶಕದ ನಡುವಿನಲ್ಲಿ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಕೇಂದ್ರ ತೆರೆದು, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಡತೊಡಗಿತು. ನೂರಾರು ಹೆಸರುಗಳ ಪಟ್ಟಿಯ ಬದಲು, ಗುರುತಿಸಲೇಬೇಕಾದ ಕೆಲವೇ ಸ್ಥಿತಿಗಳನ್ನು ಸರಳ ಪ್ರಶ್ನೆಗಳಲ್ಲಿ ಕಲಿಸಿದರು. 1985ರಿಂದ ಬಳ್ಳಾರಿಯಲ್ಲಿ ಜಿಲ್ಲೆಯಾದ್ಯಂತ ಇದನ್ನು ನಡೆಸಿ ನೋಡಲಾಯಿತು. ‘ಬಳ್ಳಾರಿ ಮಾದರಿ’ ಎಂದೇ ಹೆಸರಾದ ಈ ಕ್ರಮ 1996ರಲ್ಲಿ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು.

ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆ, ಪ್ರಶ್ನಾಕ್ರಮ ಗೊತ್ತುಮಾಡಿದ ಚುಟುಕು ಸಂದರ್ಶನವೊಂದನ್ನು ಬಳಸಿ, ವಯಸ್ಕರಲ್ಲಿ ಶೇ 10.6 ಮಂದಿಗೆ ಆ ಹೊತ್ತಿನಲ್ಲಿ ಯಾವುದಾದರೊಂದು ಮಾನಸಿಕ ಕಾಯಿಲೆ ಇತ್ತೆಂದು ಅಂದಾಜಿಸಿತು. ಕಾಯಿಲೆಯಿಂದ ಕಾಯಿಲೆಗೆ ಬದಲಾಗುತ್ತ, ಶೇ 70ರಿಂದ 92ರಷ್ಟು ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಗೂ ನಿಮ್ಹಾನ್ಸ್ ಕೇಂದ್ರಸಂಸ್ಥೆ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೂ ಮಾತಾಡಬಹುದು. ಮೊದಲು ಮಾತಿಗೆ ಸಿಗುವ ಆಪ್ತಸಮಾಲೋಚಕರು ಕೇಳಿಸಿಕೊಂಡು, ಅಪಾಯವಿದೆಯೇ ಎಂದು ನೋಡಿ, ಅಗತ್ಯವಿದ್ದರೆ ಮನೋವೈದ್ಯರಿಗೆ ಅಥವಾ ಹತ್ತಿರದ ಆಸ್ಪತ್ರೆಗೆ ದಾಟಿಸುತ್ತಾರೆ.